ಇಪ್ಪತ್ತು ಸೆಕೆಂಡಿಗೊಂದು ಹನಿ

ಮಗುವಿನ ತೂಕ 900 ಗ್ರಾಂ. ಹುಟ್ಟಿದ ಮೊದಲ ದಿನ ಅದಕ್ಕೆ ಕೊಡಬೇಕಾದ ದ್ರವ, ಕಿಲೋ ತೂಕಕ್ಕೆ 80 ಮಿ.ಲೀ. ಲೆಕ್ಕದಲ್ಲಿ, 72 ಮಿ.ಲೀ. ಗಂಟೆಗೆ 3 ಮಿ.ಲೀ. ಮಕ್ಕಳ ವಾರ್ಡಿನ ಮೈಕ್ರೋಡ್ರಿಪ್ ಸೆಟ್ಟಿನಲ್ಲಿ 60 ಹನಿ ಸೇರಿದರೆ ಒಂದು ಮಿ.ಲೀ. ಹಾಗಾಗಿ ನಿಮಿಷಕ್ಕೆ ಮೂರು ಹನಿ, ಇಪ್ಪತ್ತು ಸೆಕೆಂಡಿಗೊಂದು. ಡ್ರಿಪ್ಪಿನ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಒಂಚೂರು ಸರಿಸಿದರೂ ಮೂರು ನಾಲ್ಕಾಗುತ್ತದೆ. ಒಂದೇ ಹನಿಯಲ್ಲವೇ ಎನ್ನುವಂತಿಲ್ಲ. ದಿನವಿಡೀ ಹಾಗೇ ಇಳಿದರೆ 24 ಮಿ.ಲೀ. ಹೆಚ್ಚು, ಅಂದರೆ ಮಗುವಿನ ತೂಕದ ಶೇ 2.7ರಷ್ಟು. ಅರವತ್ತು ಕಿಲೋ ತೂಗುವ ದೊಡ್ಡವರಿಗೆ ಬೇಡದ 1.6 ಲೀಟರ್ ಏರಿಸಿದ್ದಕ್ಕೆ ಇದು ಸಮ. ಈ ಕಾರಣಕ್ಕೇ ಇಷ್ಟು ಸಣ್ಣ ಮಕ್ಕಳಿಗೆ ಬರೀ ಬಾಟಲಿ ನೇತುಹಾಕಿ ಬಿಡುವುದನ್ನು ವೈದ್ಯರು ಒಪ್ಪುವುದಿಲ್ಲ. 50 ಮಿ.ಲೀ. ಸಿರಿಂಜನ್ನು ಪಂಪಿಗೆ ಸಿಕ್ಕಿಸಿ, ಗಂಟೆಗಿಷ್ಟು ಎಂದು ಗೊತ್ತುಮಾಡಿ ತಳ್ಳಿಸುತ್ತಾರೆ.

37 ವಾರ ತುಂಬುವ ಮೊದಲೇ ಹುಟ್ಟಿದ್ದು ಅವಧಿಪೂರ್ವ ಶಿಶು. 2020ರಲ್ಲಿ ಜಗತ್ತಿನಲ್ಲಿ ಹೀಗೆ ಹುಟ್ಟಿದವರು ಅಂದಾಜು 1.34 ಕೋಟಿ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಇವರಲ್ಲಿ ಬಹುಪಾಲು 32 ವಾರ ದಾಟಿದವರು. ಬೆಚ್ಚಗಿಟ್ಟು, ತಾಯಿಯ ಹಾಲು ಕುಡಿಸಿ, ಸೋಂಕು ತಗಲದಂತೆ ನೋಡಿಕೊಂಡರೆ ಅವರು ಹೆಚ್ಚು ಕಾಡದೆ ಮನೆ ಸೇರುತ್ತಾರೆ. ಹನಿ ಎಣಿಸಬೇಕಾಗಿ ಬರುವುದು ಅದಕ್ಕೂ ಮೊದಲು ಹುಟ್ಟಿದವರ ವಿಷಯದಲ್ಲಿ, ಅದರಲ್ಲೂ ಒಂದು ಕಿಲೋ ಒಳಗಿನವರಲ್ಲಿ.

ಮೂರನೇ ದಿನದ ಹೊತ್ತಿಗೆ ನವಜಾತ ಶಿಶು ಘಟಕದ ಬಾಗಿಲಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ಅಜ್ಜಿ. ‘ಒಂಬೈನೂರಿತ್ತು ಅಂದ್ರಿ, ಈಗ ಎಂಟುನೂರ ಮೂವತ್ತು ಅಂತೀರಿ. ದಿನಾ ಗ್ಲೂಕೋಸ್ ಏರಿಸ್ತಿದೀರಿ, ಆದ್ರೂ ಕೂಸು ಸೊರಗ್ತಿದೆಯಲ್ಲ ಡಾಕ್ಟ್ರೇ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಲ್ಲಿ ಚಿಂತೆ ಮಾಡಬೇಕಾದದ್ದು ತೂಕ ಇಳಿದಾಗಲ್ಲ, ಇಳಿಯದೆ ಹೋದಾಗ. ಮೊದಲ ವಾರದಲ್ಲಿ ಈ ಮಗು ತನ್ನ ತೂಕದ ಶೇ 10ರಿಂದ 15ರಷ್ಟನ್ನು ಕಳೆದುಕೊಳ್ಳಬೇಕು. 900 ಗ್ರಾಂ ಮಗು 765ರಿಂದ 810ರ ನಡುವೆ ಎಲ್ಲೋ ಒಂದು ಕಡೆ ನಿಂತು, ಅಲ್ಲಿಂದ ಮೇಲೇರಿ, ಎರಡು ವಾರದ ಆಸುಪಾಸಿನಲ್ಲಿ ಹುಟ್ಟಿದ ದಿನದ ತೂಕಕ್ಕೆ ಮರಳಬೇಕು. ಕಳೆದುಹೋಗುವುದರಲ್ಲಿ ಹೆಚ್ಚಿನದು ನೀರು.

ಗರ್ಭದೊಳಗಿನ ಜೀವ ನೀರಿನದ್ದೇ. 24 ವಾರದ ಭ್ರೂಣದ ತೂಕದಲ್ಲಿ ಶೇ 85ಕ್ಕೂ ಹೆಚ್ಚು ನೀರು. ದಿನ ತುಂಬಿದ ಮಗುವಿನಲ್ಲಿ ಶೇ 75. ದೊಡ್ಡವರಲ್ಲಿ ಶೇ 60ರ ಆಸುಪಾಸು. ಈ ನೀರು ಎಲ್ಲಿದೆ ಎನ್ನುವುದೂ ಮುಖ್ಯ. ಬಲಿಯದ ಮಗುವಿನಲ್ಲಿ ಹೆಚ್ಚಿನ ಪಾಲು ಜೀವಕೋಶಗಳ ಹೊರಗೆ, ಅಂಗಾಂಶಗಳ ಸಂದಿಗಳಲ್ಲಿ ಉಪ್ಪಿನ ಜೊತೆ ನಿಂತಿರುತ್ತದೆ. ಗಾಳಿ ಉಸಿರಾಡುವ ಬದುಕಿಗೆ ಇಷ್ಟು ಬೇಕಿಲ್ಲ. ಹಾಗಾಗಿ ಮೊದಲ ದಿನ ಮೂತ್ರ ಕಡಿಮೆ; ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ, ನಾವು ಎಷ್ಟು ಕೊಟ್ಟೆವು ಎಂಬುದನ್ನು ಲೆಕ್ಕಿಸದೆ, ಮಗು ಧಾರಾಳವಾಗಿ ಮೂತ್ರ ಮಾಡತೊಡಗುತ್ತದೆ. ಉಸಿರಾಟದ ತೊಂದರೆಯಿದ್ದ ಮಕ್ಕಳಲ್ಲಿ ಶ್ವಾಸಕೋಶ ಸುಧಾರಿಸುವುದೂ ಬಹಳ ಸಲ ಇದೇ ಹೊತ್ತಿಗೆ. ಕೊನೆಗೆ ಮೂತ್ರ ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಇಷ್ಟನ್ನು ಆಗಗೊಡುವುದೇ ಚಿಕಿತ್ಸೆಯ ಅರ್ಧ ಭಾಗ. ಹೇಳುವುದು ಸುಲಭ, ಸುಮ್ಮನಿರುವುದು ಕಷ್ಟ.

ಯಾಕೆಂದರೆ ನೀರು ಹೋಗಲು ಇನ್ನೊಂದು ದಾರಿಯೂ ಇದೆ. ಅದು ಚರ್ಮ.

24-25 ವಾರಕ್ಕೆ ಹುಟ್ಟಿದ ಮಗುವಿನ ಚರ್ಮ ಕೆಂಪಗೆ, ಅಂಟಂಟಾಗಿ, ಒಳಗಿನ ರಕ್ತನಾಳ ಕಾಣುವಷ್ಟು ತೆಳ್ಳಗಿರುತ್ತದೆ. ನೀರು ಹೊರಹೋಗದಂತೆ ತಡೆಯುವ ಮೇಲಿನ ಒಣ ಪದರ ಇನ್ನೂ ಬಲಿತಿರುವುದಿಲ್ಲ. ಸ್ವೀಡನ್ನಿನ ಉಪ್ಸಾಲಾದಲ್ಲಿ ಹಮ್ಮರ್ಲುಂಡ್ ಮತ್ತು ಸೆಡಿನ್ ಎಂಬ ವೈದ್ಯರು 1970ರ ದಶಕದ ಕೊನೆಯಲ್ಲಿ ಮಕ್ಕಳ ಚರ್ಮದ ಮೇಲಿನ ಆವಿಯನ್ನೇ ಅಳೆದರು. 25 ವಾರದ ಮಗು, ದಿನ ತುಂಬಿದ ಮಗುವಿಗಿಂತ ಸುಮಾರು ಹದಿನೈದು ಪಟ್ಟು ಹೆಚ್ಚು ನೀರನ್ನು ಚರ್ಮದ ಮೂಲಕವೇ ಕಳೆದುಕೊಳ್ಳುತ್ತಿತ್ತು. ಇದು ಬೆವರಲ್ಲ. ಕಣ್ಣಿಗೆ ಕಾಣುವುದಿಲ್ಲ, ಬಟ್ಟೆ ಒದ್ದೆಯಾಗುವುದಿಲ್ಲ.

ಆವಿಯಾಗುವ ನೀರು ಬರಿಗೈಯಲ್ಲಿ ಹೋಗುವುದೂ ಇಲ್ಲ. ಒಂದು ಮಿ.ಲೀ. ಆವಿಯಾದರೆ ಸುಮಾರು 0.58 ಕಿಲೋ ಕ್ಯಾಲೊರಿ ಶಾಖ ಹೋದಂತೆ. ನಮ್ಮ 900 ಗ್ರಾಂ ಮಗು ದಿನಕ್ಕೆ 60 ಮಿ.ಲೀ. ಆವಿಯಾಗಿ ಕಳೆದುಕೊಂಡರೆ 35 ಕಿಲೋ ಕ್ಯಾಲೊರಿ ಹೋಯಿತು. ಪಂಪಿನಲ್ಲಿ ಓಡುತ್ತಿರುವ 72 ಮಿ.ಲೀ. ದ್ರವ ಶೇ 10ರ ಡೆಕ್ಸ್‌ಟ್ರೋಸ್. ಅದರಿಂದ ಮಗುವಿಗೆ ದಕ್ಕುವುದು 25 ಕಿಲೋ ಕ್ಯಾಲೊರಿಯೂ ಇಲ್ಲ. ಕೊಟ್ಟ ಸಕ್ಕರೆಗಿಂತ ಗಾಳಿಗೆ ಹೋದ ಶಾಖವೇ ಹೆಚ್ಚು. ಈ ಗಣಿತ ಅರ್ಥವಾದರೆ, ಹೆರಿಗೆ ಕೋಣೆಯಲ್ಲಿ ಮಗುವನ್ನು ಒರೆಸುವುದಕ್ಕೂ ಕಾಯದೆ ಕುತ್ತಿಗೆಯವರೆಗೆ ಪಾಲಿಥೀನ್ ಚೀಲದೊಳಗೆ ಇಳಿಸುವುದೇಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂತ್ರಪಿಂಡದ ಪಾಡೂ ಅಷ್ಟೇ. ಅದರ ಸೋಸುವ ಘಟಕಗಳಾದ ನೆಫ್ರಾನ್‌ಗಳು 34-36ನೇ ವಾರದವರೆಗೂ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಹೆಚ್ಚಿನವು ಮೂಡುವುದು ಕೊನೆಯ ಮೂರು ತಿಂಗಳಲ್ಲಿ. ‘ಏಳು ತಿಂಗಳಿನದು ಬದುಕುತ್ತೆ, ಎಂಟು ತಿಂಗಳಿನದು ಬದುಕಲ್ಲ’ ಎಂಬ ಮಾತು ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಚರ್ಮ ಮತ್ತು ಮೂತ್ರಪಿಂಡವನ್ನು ಕೇಳಿದರೆ ಸಾಕು, ಆ ಮಾತು ಬಿದ್ದುಹೋಗುತ್ತದೆ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಲಾಭವೇ. ಬಲಿಯದ ಮೂತ್ರಪಿಂಡಕ್ಕೆ ನೀರು ಕಡಿಮೆಯಾದಾಗ ಮೂತ್ರವನ್ನು ಗಟ್ಟಿ ಮಾಡಿ ಉಳಿಸಿಕೊಳ್ಳುವ ಶಕ್ತಿ ದೊಡ್ಡವರದರ ಅರ್ಧದಷ್ಟು. ಹೆಚ್ಚಾದಾಗ ಬೇಗನೆ ಹೊರಹಾಕಲೂ ಬರುವುದಿಲ್ಲ. ಉಪ್ಪಿನ ವಿಷಯದಲ್ಲಂತೂ ಎರಡೂ ಕಡೆ ಸೋಲು: ಒಮ್ಮೆಗೇ ಹೆಚ್ಚು ಸೋಡಿಯಂ ಬಂದರೆ ನಿಭಾಯಿಸದು, ದಿನ ಕಳೆದಂತೆ ಬೇಕಾದದ್ದನ್ನೂ ಸೋರಿಸಿಬಿಡುತ್ತದೆ.

ನೀರು ಕಡಿಮೆಯಾದರೆ ರಕ್ತದ ಸೋಡಿಯಂ ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ರಕ್ತದ ಸಾಂದ್ರತೆ ಸರಸರನೆ ಏರಿಳಿದರೆ ಮೆದುಳಿನ ಒಳಭಾಗದ ನವುರಾದ ನಾಳಗಳು ಒಡೆಯುವ ಅಪಾಯವಿದೆ. ಹೆಚ್ಚಾದರೆ ಏನಾಗುತ್ತದೆ ಎಂಬುದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಆ ಚರಿತ್ರೆ ವೈದ್ಯಕೀಯಕ್ಕೆ ಅಷ್ಟೇನೂ ಹೆಮ್ಮೆಯದಲ್ಲ.

1940ರ ದಶಕದ ಕೊನೆಯಿಂದ 60ರ ದಶಕದ ಮೊದಲ ವರ್ಷಗಳವರೆಗೆ ಬ್ರಿಟನ್, ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಅವಧಿಪೂರ್ವ ಮಕ್ಕಳಿಗೆ ಒಂದೆರಡು ದಿನ, ಕೆಲವೆಡೆ ಮೂರು ದಿನ, ಹಾಲೂ ಇಲ್ಲ ನೀರೂ ಇಲ್ಲ. ಹಾಲು ಶ್ವಾಸನಾಳಕ್ಕೆ ಹೋದೀತೆಂಬ ಭಯ ಒಂದು; ಹುಟ್ಟುವಾಗಲೇ ಮೈ ಬಾತಿರುವ ಮಗುವಿಗೆ ಇನ್ನಷ್ಟು ನೀರೇಕೆ ಎಂಬ ತರ್ಕ ಇನ್ನೊಂದು. ತರ್ಕ ಪೂರ್ತಿ ತಪ್ಪಲ್ಲ ಎನ್ನುವುದೇ ಇಲ್ಲಿನ ವಿಪರ್ಯಾಸ. ಆದರೆ ಅದನ್ನು ತುದಿಗೆ ಒಯ್ದಾಗ ಮಕ್ಕಳ ರಕ್ತದ ಸಕ್ಕರೆ ಕುಸಿಯಿತು, ಕಾಮಾಲೆ ಹೆಚ್ಚಿತು. ಬದುಕಿ ಬೆಳೆದವರಲ್ಲಿ ಕಾಲು ಸೆಟೆದುಕೊಳ್ಳುವ ತೊಂದರೆ ಕಾಣಿಸಿತು. 1963ರಲ್ಲಿ ಮಾಂಟ್ರಿಯಲ್‌ನ ರಾಬರ್ಟ್ ಅಷರ್, ಉಸಿರಾಟದ ತೊಂದರೆಯ ಮಕ್ಕಳಿಗೆ ಹುಟ್ಟಿದ ಕೂಡಲೇ ರಕ್ತನಾಳದ ಮೂಲಕ ಗ್ಲೂಕೋಸ್ ಮತ್ತು ಬೈಕಾರ್ಬನೇಟ್ ಕೊಟ್ಟು ಸಾವು ಕಡಿಮೆಯಾದದ್ದನ್ನು ವರದಿ ಮಾಡಿದರು. ಮರುವರ್ಷ ಆಕ್ಸ್‌ಫರ್ಡಿನ ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವೀಸ್, ನೀರು ಬೆರೆಸದ ಎದೆಹಾಲನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕೊಟ್ಟು ತೋರಿಸಿದರು. ಉಪವಾಸದ ಕಾಲ ಮುಗಿಯಿತು.

ತಕ್ಕಡಿ ಈಗ ಇನ್ನೊಂದು ಕಡೆಗೆ ವಾಲಿತು. ಮೇಲಿನಿಂದ ಶಾಖ ಕೊಡುವ ವಾರ್ಮರ್ ಬಂತು, ಕಾಮಾಲೆಗೆ ನೀಲಿ ದೀಪ ಬಂತು. ಎರಡರ ಕೆಳಗೂ ಮಗು ಹೆಚ್ಚು ಒಣಗುತ್ತದೆ. ಹಾಗೆಂದು ದ್ರವ ಏರಿಸುತ್ತ ಹೋದರು. ಎಷ್ಟಾದರೆ ಅತಿ ಎಂಬುದನ್ನು ಪರೀಕ್ಷೆಗೆ ಒಡ್ಡಿದ್ದು ಅಮೆರಿಕದ ಪ್ರಾವಿಡೆನ್ಸ್‌ನ ಎಡ್ವರ್ಡ್ ಬೆಲ್, ವಿಲಿಯಂ ಓ ಮತ್ತು ಸಂಗಡಿಗರು. 1980ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 170 ಮಕ್ಕಳಿದ್ದರು. ಯಾರಿಗೆ ಹೆಚ್ಚು ದ್ರವ, ಯಾರಿಗೆ ಕಡಿಮೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಎರಡೂ ಕಡೆ 85 ಮಕ್ಕಳನ್ನು ಇಡಲಾಗಿತ್ತು. ಹೃದಯದ ಬಳಿ ಇರುವ, ಗರ್ಭದಲ್ಲಿ ಶ್ವಾಸಕೋಶವನ್ನು ಬಳಸಿ ಹೋಗಲು ರಕ್ತಕ್ಕೆ ದಾರಿಯಾಗಿದ್ದ ನಾಳವೊಂದು ಹುಟ್ಟಿದ ಕೆಲ ದಿನಗಳಲ್ಲಿ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಅದನ್ನು ವೈದ್ಯರು ಪಿಡಿಎ ಎನ್ನುತ್ತಾರೆ. ಅದರ ಗುರುತಾದ ಮರ್ಮರ ಸದ್ದು ಕಡಿಮೆ ದ್ರವದ ಗುಂಪಿನಲ್ಲಿ 9 ಮಕ್ಕಳಲ್ಲಿ ಕೇಳಿಸಿತು. ಹೆಚ್ಚು ದ್ರವದ ಗುಂಪಿನಲ್ಲಿ 35 ಮಕ್ಕಳಲ್ಲಿ. ಹೃದಯ ಸೋತು ಬಳಲಿದವರು ಆ ಕಡೆ ಒಬ್ಬರು, ಈ ಕಡೆ 11. ಕರುಳಿನ ಗೋಡೆ ಕೊಳೆಯುವ ಎನ್‌ಇಸಿ ಎಂಬ ಮಾರಕ ಕಾಯಿಲೆಯೂ ಹೆಚ್ಚು ದ್ರವದ ಕಡೆಯೇ ಹೆಚ್ಚಿತ್ತು. ಈ ಅಂಕಿಗಳ ಅರ್ಥ ತಿಳಿಯಲು ಸಂಖ್ಯಾಶಾಸ್ತ್ರ ಓದಿರಬೇಕಿಲ್ಲ.

ಆದರೂ ಒಂದು ಮಾತು. ಆ ಮಕ್ಕಳು ಹುಟ್ಟಿದ ಕಾಲದಲ್ಲಿ ಶ್ವಾಸಕೋಶಕ್ಕೆ ಸುರಿಯುವ ಸರ್ಫ್ಯಾಕ್ಟಂಟ್ ಔಷಧ ಬಳಕೆಗೆ ಬಂದಿರಲಿಲ್ಲ. ಹೆರಿಗೆಗೆ ಮೊದಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ವಾಡಿಕೆಯಾಗಿರಲಿಲ್ಲ. ಇಂದಿನ ಮಗುವಿಗೆ ಅಂದಿನ ಸಂಖ್ಯೆಯನ್ನು ಹಾಗೇ ಅಂಟಿಸಲಾಗದು. ದಿಕ್ಕು ಮಾತ್ರ ಬದಲಾಗಿಲ್ಲ. 2000ದಲ್ಲಿ ಲಂಡನ್ನಿನ ಹಾರ್ಟ್‌ನಲ್, ನೀನಾ ಮೋದಿ ಮತ್ತಿತರರು 25ರಿಂದ 30 ವಾರದ 46 ಮಕ್ಕಳಲ್ಲಿ ಕೆಲವರಿಗೆ ಸೋಡಿಯಂ ಅನ್ನು ಎರಡನೇ ದಿನದಿಂದಲೇ ಕೊಟ್ಟರು. ಉಳಿದವರಿಗೆ ತೂಕ ಶೇ 6 ಇಳಿಯುವವರೆಗೆ ಕೊಡಲಿಲ್ಲ. ಕಾದವರಿಗೆ ಆಮ್ಲಜನಕದ ಅಗತ್ಯ ಕಡಿಮೆಯಾಯಿತು. 2005ರಲ್ಲಿ ವಿಲಿಯಂ ಓ ಅವರೇ ಒಂದು ಕಿಲೋ ಒಳಗಿನ 1,382 ಮಕ್ಕಳ ದಾಖಲೆ ನೋಡಿದಾಗ, ಮೊದಲ ಹತ್ತು ದಿನ ಹೆಚ್ಚು ದ್ರವ ಪಡೆದವರಲ್ಲಿ, ತೂಕ ಕಡಿಮೆ ಇಳಿದವರಲ್ಲಿ, ಸಾವು ಅಥವಾ ಬಿಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಹೆಚ್ಚು ಕಂಡಿತು. ಅದರ ನಂತರದ್ದು ‘ಅವೇಕನ್’ ಎಂಬ ಅಧ್ಯಯನ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ಭಾರತದ 24 ಕೇಂದ್ರಗಳಲ್ಲಿ 2014ರ ಮೊದಲ ಮೂರು ತಿಂಗಳು ದಾಖಲಾದ ಮಕ್ಕಳ ಲೆಕ್ಕ ಅದರಲ್ಲಿದೆ. ಏಳನೇ ದಿನಕ್ಕೆ ದ್ರವದ ಜಮೆ ಹೆಚ್ಚಿದ್ದ ಅವಧಿಪೂರ್ವ ಮಕ್ಕಳು ಆ ದಿನ ವೆಂಟಿಲೇಟರ್ ಮೇಲೆಯೇ ಇರುವ ಸಾಧ್ಯತೆ ಹೆಚ್ಚಿತ್ತು. 29 ವಾರದೊಳಗಿನವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳ ಮೂತ್ರಪಿಂಡಕ್ಕೆ ಏಟು ಬಿದ್ದಿತ್ತು.

ಇಂಥ ದಾಖಲೆ ಆಧರಿಸಿದ ಅಧ್ಯಯನಗಳನ್ನು ಓದುವಾಗ ಒಂದು ಅನುಮಾನವನ್ನು ಕೈಬಿಡಬಾರದು. ನೀರು ತುಂಬಿದ್ದರಿಂದ ಮಗು ಕೆಟ್ಟಿತೋ, ಮಗು ಮೊದಲೇ ಕೆಟ್ಟಿದ್ದರಿಂದ ನೀರು ತುಂಬಿಕೊಂಡಿತೋ? ಸೋಂಕು ತಗಲಿದ, ರಕ್ತದೊತ್ತಡ ಬಿದ್ದ ಮಗುವಿಗೆ ವೈದ್ಯರು ಹೆಚ್ಚು ದ್ರವ ಕೊಟ್ಟೇ ಕೊಡುತ್ತಾರೆ. ಅದರ ನಾಳಗಳೂ ಸೋರುತ್ತವೆ. ಎರಡೂ ನಿಜವಿರಬಹುದು. ಇನ್ನೊಂದು ಕಡೆ, ಅತಿಯಾಗಿ ಬಿಗಿಹಿಡಿದರೆ ಮಗು ಒಣಗಿ ಬಳಲುವುದೂ ನಿಜ. 1982ರಲ್ಲಿ ಲೊರೆನ್ಜ್ ಎಂಬವರ ತಂಡ ಕೆಲವು ಮಕ್ಕಳ ತೂಕವನ್ನು ಶೇ 8-10ರಷ್ಟು, ಕೆಲವರದನ್ನು ಶೇ 13-15ರಷ್ಟು ಇಳಿಯಗೊಟ್ಟಿತ್ತು. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನನಗೆ ಈ ಅಧ್ಯಯನ ಸಮಾಧಾನ ಕೊಡುತ್ತದೆ. ಗೆರೆ ಎಳೆದಷ್ಟು ಕಿರಿದಾದ ಹಾದಿಯಲ್ಲ ಇದು. ಎರಡೂ ಬದಿಗೆ ಒಂದಿಷ್ಟು ಜಾಗವಿದೆ, ಆದರೆ ಅದರಾಚೆ ಹೋಗುವಂತಿಲ್ಲ.

ನಮ್ಮ ದೇಶದ ಘಟಕಗಳಲ್ಲಿ ಬಳಕೆಯಲ್ಲಿರುವ ಲೆಕ್ಕ ಸರಳ. ಒಂದೂವರೆ ಕಿಲೋ ದಾಟಿದ ಮಗುವಿಗೆ ಮೊದಲ ದಿನ ಕಿಲೋಗೆ 60 ಮಿ.ಲೀ., ಅದಕ್ಕಿಂತ ಸಣ್ಣದಕ್ಕೆ 80. ದಿನಕ್ಕೆ ಹತ್ತು-ಹದಿನೈದರಂತೆ ಏರಿಸುತ್ತ ವಾರದ ಕೊನೆಗೆ 150. ಸೋಡಿಯಂ, ಪೊಟ್ಯಾಸಿಯಂ ಸೇರಿಸುವುದು 48 ಗಂಟೆ ಕಳೆದ ಮೇಲೆ. ಗೋಡೆಯ ಮೇಲೆ ಅಂಟಿಸಿದ ಈ ಪಟ್ಟಿಯನ್ನು ಆರಂಭಕ್ಕೆ ಮಾತ್ರ ನಂಬಬೇಕು. ಪಟ್ಟಿಯಲ್ಲಿದೆ ಎಂದು ನಾಲ್ಕನೇ ದಿನ ಕಣ್ಣುಮುಚ್ಚಿ ಏರಿಸಿದರೆ, ತೂಕವೇ ಇಳಿಯದ ಮಗುವಿಗೆ ಇನ್ನಷ್ಟು ನೀರು ಹೋಯಿತು. ಒಳ್ಳೆಯ ವೈದ್ಯರು ಆರೆಂಟು ಗಂಟೆಗೊಮ್ಮೆ ಮೂರು ವಿಷಯ ಕೇಳುತ್ತಾರೆ: ತೂಕ ಎಷ್ಟು, ಮೂತ್ರ ಎಷ್ಟು, ಸೋಡಿಯಂ ಎಷ್ಟು. ತೂಕ ಬೇಗ ಬಿದ್ದು ಸೋಡಿಯಂ ಏರಿದ್ದರೆ ನೀರು ಸಾಲದು. ತೂಕ ನಿಂತಲ್ಲೇ ನಿಂತು ಸೋಡಿಯಂ ಇಳಿದಿದ್ದರೆ ನೀರು ಅತಿಯಾಗಿದೆ. ಅಲ್ಲಿ ಉಪ್ಪು ಸೇರಿಸಲು ಹೊರಡುವುದು ತಪ್ಪು.

ಸೋಡಿಯಂ ಏರಿದಾಗಲೂ ಡ್ರಿಪ್ ಹೆಚ್ಚಿಸುವುದು ಮೊದಲ ಉತ್ತರವಲ್ಲ. ಮಗು ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಫ್ಯಾನಿನ ಗಾಳಿ ಮೈಮೇಲೆ ಬೀಳುತ್ತಿದೆಯೇ? ಇನ್ಕ್ಯುಬೇಟರಿನ ತೇವಾಂಶ ಶೇ 80ರ ಹತ್ತಿರ ಇದೆಯೇ? ನಮ್ಮ ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ, ಅಂದರೆ ಎಸ್‌ಎನ್‌ಸಿಯುಗಳಲ್ಲಿ, ಹೆಚ್ಚಾಗಿ ಇರುವುದು ತೆರೆದ ವಾರ್ಮರ್‌ಗಳು. ಮನೆಯವರು ಅದನ್ನೂ ಪೆಟ್ಟಿಗೆ ಎಂದೇ ಕರೆಯುತ್ತಾರೆ, ಆದರೆ ಅದಕ್ಕೆ ಮುಚ್ಚಳವಿಲ್ಲ. ಅದರ ಬದಿಗಳ ಮೇಲೆ ಅಡುಗೆಮನೆಯ ತೆಳು ಪಾಲಿಥೀನ್ ಹಾಳೆಯನ್ನು ಬಿಗಿದು ಕಟ್ಟಿದರೆ ಸೋರಿಕೆ ಎಷ್ಟೋ ತಗ್ಗುತ್ತದೆ. ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಲೇಪಿಸಿದರೆ ಚರ್ಮದ ಆವಿ ಕಡಿಮೆಯಾಗುತ್ತದೆ ಎಂಬುದನ್ನು ದೆಹಲಿಯ ವೈದ್ಯರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಎಣ್ಣೆ ಲೇಪನವನ್ನು ಪರಿಗಣಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಸಾಸಿವೆ ಎಣ್ಣೆ ಬೇಡ, ತಿಕ್ಕುವುದೂ ಬೇಡ.

ಲೆಕ್ಕ ತಪ್ಪುವುದು ಹೆಚ್ಚಾಗಿ ಪಂಪಿನಲ್ಲಲ್ಲ, ಪಂಪಿನಾಚೆ. ಆ್ಯಂಟಿಬಯಾಟಿಕ್ ಕೊಡುವ ಮೊದಲು ಮತ್ತು ಆಮೇಲೆ ಕ್ಯಾನುಲಾ ಕಟ್ಟಿಕೊಳ್ಳದಿರಲೆಂದು ಒಂದೊಂದು ಮಿ.ಲೀ. ನಾರ್ಮಲ್ ಸಲೈನ್ ಹಾಯಿಸುತ್ತಾರೆ. ದಿನಕ್ಕೆ ಹೀಗೆ ಒಟ್ಟು ಆರು ಮಿ.ಲೀ. ಹಾಯಿಸಿದರೆ ನಮ್ಮ 900 ಗ್ರಾಂ ಮಗುವಿಗೆ ಕಿಲೋ ತೂಕಕ್ಕೆ ಒಂದು ಮಿಲಿಈಕ್ವಿವಲೆಂಟ್ ಸೋಡಿಯಂ ಹೋಗಿಬಿಟ್ಟಿತು. ಸೋಡಿಯಂ ಬೇಡವೇ ಬೇಡ ಎಂದು ಡಾಕ್ಟರ್ ಬರೆದಿಟ್ಟ ದಿನವೇ! ರಕ್ತ ತೆಗೆಯುವುದೂ ಹಾಗೆ. ಈ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ 75-80 ಮಿ.ಲೀ., ದರ್ಶಿನಿಯಲ್ಲಿ ಬೈಟೂ ಕಾಫಿ ಹೇಳಿದರೆ ಒಬ್ಬರ ಪಾಲಿಗೆ ಬರುವಷ್ಟು. ಪರೀಕ್ಷೆಗೆಂದು ಎರಡು ಮಿ.ಲೀ. ಎಳೆದರೆ ದೊಡ್ಡವರಿಂದ ನೂರಿಪ್ಪತ್ತು ಮಿ.ಲೀ. ತೆಗೆದ ಹಾಗೆ.

ಈ ಇಡೀ ವ್ಯವಹಾರದಲ್ಲಿ ಅತಿ ಮುಖ್ಯ ಯಂತ್ರ ಯಾವುದು ಎಂದು ಕೇಳಿದರೆ ನಾನು ವೆಂಟಿಲೇಟರ್ ಎನ್ನುವುದಿಲ್ಲ, ತೂಕದ ಯಂತ್ರ ಎನ್ನುತ್ತೇನೆ. ಐದು ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಆದರೆ ಪ್ರತಿ ಸಲವೂ ಅದೇ ತಕ್ಕಡಿ, ಅದೇ ಹೊತ್ತು, ಬಟ್ಟೆಯಿಲ್ಲದ ಮೈ. ಕೈಗೆ ಕಟ್ಟಿದ ಪಟ್ಟಿ, ಕ್ಯಾನುಲಾಗಳ ತೂಕ ಕಳೆದಿರಬೇಕು. ಮೂತ್ರಕ್ಕೂ ಅದೇ ತಕ್ಕಡಿ. ಒಣ ಡಯಾಪರ್ ಎಷ್ಟಿತ್ತು, ಒದ್ದೆಯಾದದ್ದು ಎಷ್ಟು. ಒಂದು ಗ್ರಾಂ ಒಂದು ಮಿ.ಲೀ. ವಾರ್ಮರ್ ಕೆಳಗೆ ಡಯಾಪರ್ ಕೂಡ ಒಣಗುತ್ತದೆ, ಹಾಗಾಗಿ ತಡಮಾಡದೆ ತೂಗಬೇಕು. ಗಂಟೆಗೆ ಕಿಲೋ ತೂಕಕ್ಕೆ ಒಂದರಿಂದ ಮೂರು ಮಿ.ಲೀ. ಬರುತ್ತಿದ್ದರೆ ಒಳ್ಳೆಯದು. ಇದೆಲ್ಲ ಸಿಸ್ಟರ್‌ಗಳ ಕೆಲಸ. ಒಬ್ಬರಿಗೆ ಎಂಟು ಹತ್ತು ಮಕ್ಕಳನ್ನು ವಹಿಸಿ, ಅದರ ಮೇಲೆ ರಿಜಿಸ್ಟರ್ ತುಂಬಿಸುವ ಕೆಲಸವನ್ನೂ ಹೊರಿಸಿದರೆ, ರಾತ್ರಿ ಪಾಳಿಯ ಡಯಾಪರ್ ತೂಕ ಅಂದಾಜಿನಲ್ಲಿ ಬಿದ್ದಿರುತ್ತದೆ. ಪಂಪ್ ಕೊಂಡ ಸುದ್ದಿ ಪೇಪರಿನಲ್ಲಿ ಬರುತ್ತದೆ; ಸಿಸ್ಟರ್ ಹುದ್ದೆ ಖಾಲಿ ಇರುವುದು ಬರುವುದಿಲ್ಲ.

ಹಾಲು ಬೇಗ ಶುರುವಾದಷ್ಟೂ ಡ್ರಿಪ್ಪಿನ ದಿನಗಳು ಕಡಿಮೆ. ತಾಯಿ ಹಿಂಡಿಕೊಟ್ಟ ಹಾಲು ಮೊದಲು ನಳಿಕೆಯಲ್ಲಿ, ಮಗು ನುಂಗಲು ಕಲಿತ ಮೇಲೆ ಒಳಲೆಯಲ್ಲಿ. ಹೀಗೆ ಹಾಲಿನ ಪಾಲು ಏರಿದಂತೆ ಪಂಪಿನ ಪಾಲು ಇಳಿಯುತ್ತದೆ. ತಾಯಿಯ ಎದೆಗೆ ಅಂಟಿಸಿಟ್ಟುಕೊಳ್ಳುವ ಕಾಂಗರೂ ಆರೈಕೆ ಇದಕ್ಕೆ ದೊಡ್ಡ ಆಸರೆ. ಭಾರತ ಹಾಗೂ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಒಂದರಿಂದ 1.8 ಕಿಲೋ ಒಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿ ನೋಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಮೊದಲ 28 ದಿನಗಳಲ್ಲಿ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿದಿತ್ತು. ನಮ್ಮಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಆರೋಗ್ಯ ಇಲಾಖೆಯ ಜೊತೆ ಸೇರಿ, ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ಕೆಲಸ ಮಾಡಿದರು.

ಮನೆಗೆ ಬಂದ ಮೇಲೆ ಲೆಕ್ಕ ಹಗುರವಾಗುತ್ತದೆ, ಉಪದೇಶ ಭಾರವಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಕೂಸಿನ ಗಂಟಲು ಒಣಗೀತೆಂದು ಚಮಚದಲ್ಲಿ ನೀರು ಹಾಕುವವರಿದ್ದಾರೆ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ, ಬೇರೆ ಬೇಡ. ಜೇನುತುಪ್ಪವೂ ಬೇಡ, ಸಕ್ಕರೆ ನೀರೂ ಬೇಡ. ಎರೆಯುವ ಅಜ್ಜಿಯನ್ನು ಕರೆಸಿ ಹಂಡೆ ನೀರು ಹುಯ್ಯಿಸುವುದನ್ನು ಡಾಕ್ಟರು ಹೇಳುವವರೆಗೆ ತಡೆಯಿರಿ. ಮಗು ದಿನಕ್ಕೆ ಆರೇಳು ಸಲ ಬಟ್ಟೆ ಒದ್ದೆ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಲುತ್ತಿದೆ.

ಇನ್ನೊಂದು ವಿಷಯವನ್ನು ಡಿಸ್ಚಾರ್ಜ್ ಹೊತ್ತಿನಲ್ಲಿ ಎಷ್ಟೋ ಸಲ ಯಾರೂ ಹೇಳುವುದಿಲ್ಲ. ಬಹಳ ಬೇಗ ಹುಟ್ಟಿದ ಮಗುವಿನ ನೆಫ್ರಾನ್‌ಗಳ ಸಂಖ್ಯೆ ಕಡಿಮೆಯೇ ಉಳಿಯಬಹುದು. ಕಳೆದ ವಾರಗಳನ್ನು ಮೂತ್ರಪಿಂಡ ಹೊರಗೆ ಬಂದ ಮೇಲೆ ಪೂರ್ತಿ ತುಂಬಿಕೊಳ್ಳುವುದಿಲ್ಲ. ದೊಡ್ಡವರಾದಾಗ ರಕ್ತದೊತ್ತಡ ಏರುವ ಸಾಧ್ಯತೆ ಇವರಲ್ಲಿ ಹೆಚ್ಚು. ಆರೋಗ್ಯವಂತ ಮಕ್ಕಳಿಗೆ ಮೂರು ವರ್ಷದ ನಂತರ ಬಿಪಿ ನೋಡಿದರೆ ಸಾಕು, ಆದರೆ 32 ವಾರದೊಳಗೆ ಹುಟ್ಟಿದವರಿಗೆ ಅದಕ್ಕೂ ಮೊದಲಿನಿಂದಲೇ ನೋಡಬೇಕು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2017ರ ಮಾರ್ಗಸೂಚಿ. ಲಸಿಕೆಗೆ ಹೋದಾಗ ಹುಟ್ಟಿದ ವಾರ, ಹುಟ್ಟಿದ ತೂಕ ಬರೆದ ಡಿಸ್ಚಾರ್ಜ್ ಚೀಟಿಯನ್ನು ಜೊತೆಗೆ ಒಯ್ಯಿರಿ. ಮಗುವಿನ ತೋಳಿಗೆ ಹೊಂದುವ ಸಣ್ಣ ಪಟ್ಟಿಯಿಂದ ಬಿಪಿ ನೋಡಿ ಎಂದು ನೀವೇ ಕೇಳಿ.